ಡಾಕ್ಟರು ಬರೆದ ಸ್ಟೂಲು

ಬೀಫಾತಿಮಾ ಆ ಮಂಗಳವಾರ ಮಧ್ಯಾಹ್ನ ಗಿರಾಕಿಯೊಬ್ಬರ ಪಾದದ ಮೇಲೆ ನಿಂತು ಮೂರು ಸೀರೆ ಬಿಚ್ಚಿ ತೋರಿಸಿದಳು.

ಬೇಕೆಂದು ಮಾಡಿದ್ದಲ್ಲ. ತನ್ನ ಕಾಲ ಕೆಳಗೆ ಇನ್ನೊಂದು ಕಾಲು ಇದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಎರಡು ತಿಂಗಳಿನಿಂದ ಮೊಣಕಾಲಿನ ಕೆಳಗಿನ ಸುದ್ದಿ ಅವಳಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಬೆಳಿಗ್ಗೆ ಇರುವೆ ಹರಿದಂತೆ ಜುಮುಜುಮು. ಮಧ್ಯಾಹ್ನದ ಹೊತ್ತಿಗೆ ಆ ಇರುವೆಗಳೂ ಸತ್ತಂತೆ. ಆಮೇಲೆ ಉಳಿಯುವುದು ಎರಡು ಕೊರಡು. ಆ ಕೊರಡುಗಳ ಮೇಲೆ ನಿಂತು ಅವಳು ಬಿ.ಸಿ.ರೋಡಿನ ಹೊಸಮೆರುಗು ಸಿಲ್ಕ್ಸ್‌ನಲ್ಲಿ ಸೀರೆ ಮಾರುತ್ತಿದ್ದಳು.

ಗಿರಾಕಿಯ ಹೆಸರು ಶಶಿಪ್ರಭಾ. ಮೂಡುಬಿದಿರೆಯಲ್ಲಿ ಅವರ ಗಂಡನದು ಎರಡು ಹೋಟೆಲು. ಮರ್ಯಾದೆಯ ಹೆಂಗಸು. ಕನ್ನಡಿಯ ಎದುರು ನಿಂತು ಹೆಗಲಿಗೆ ಸೀರೆ ಹೊದಿಸಿಕೊಳ್ಳುತ್ತಿದ್ದರು. ಮೊದಲನೆಯ ಸೀರೆಗೆ ಹಲ್ಲು ಕಚ್ಚಿದರು. ಎರಡನೆಯದಕ್ಕೆ, "ಒಳ್ಳೇದುಂಟು, ಆದರೆ..." ಎಂದರು. ಇದು ಸೀರೆ ಮಾರುವ ಹೊಸ ಕ್ರಮವೇ ಇರಬೇಕು ಎಂದು ಅವರಿಗೆ ಅನ್ನಿಸಿತು. ಬೀಫಾತಿಮಾ ಮೂರನೆಯದನ್ನು ಬಿಚ್ಚಿದಳು.

"ತಗೊಳ್ತೇನೆ! ಮೂರೂ ತಗೊಳ್ತೇನೆ!" ಶಶಿಪ್ರಭಾ ಕೂಗಿದರು. "ನನ್ನ ಕಾಲು ಬಿಡಿ ಮಾರಾಯ್ತಿ!"

ಅಂಗಡಿಯ ಧನಿ ಸುಲೈಮಾನ್ ಗಲ್ಲಾದ ಹಿಂದಿನ ತಿರುಗುವ ಕುರ್ಚಿಯಿಂದ ಎದ್ದು ಬಂದ. ಕೈಯಲ್ಲಿ ನೋವಿನ ಮುಲಾಮಿನ ಬಾಟಲಿ. ಅದನ್ನು ಬೀಫಾತಿಮಾಳ ಕೈಗೆ ಕೊಟ್ಟ.

"ಕೂತು ಹಚ್ಚು" ಎಂದ.

ಹದಿನಾರು ವರ್ಷದಲ್ಲಿ ಅವನು ಅವಳಿಗೆ ಕೂತುಕೋ ಎಂದದ್ದು ಅದೇ ಮೊದಲು.

ಅಂಗಡಿಯ ತುಂಬ ಜನ. ನಲವತ್ತಾರು ವರ್ಷದ ಹೆಂಗಸು ನೆಲದಲ್ಲಿ ಕೂತು ಇನ್ನೊಬ್ಬರ ಪಾದ ತೊಡೆಯ ಮೇಲೆ ಇಟ್ಟುಕೊಂಡಳು. ಯಾರೋ ಮೊಬೈಲು ಎತ್ತಿ ಹಿಡಿದರು. ಯಾರೋ ನಕ್ಕರು. ಬೀಫಾತಿಮಾಳ ಕಿವಿ ಬಿಸಿಯಾಯಿತು. ಆದರೆ ಕೆಳಗೆ ಆ ಎರಡು ಕೊರಡುಗಳ ಮೇಲಿಂದ ಭಾರ ಇಳಿದಿತ್ತು. ಅಲ್ಲೆಲ್ಲೋ ಒಂದು ಇರುವೆ ಎದ್ದು ಕೂತಿತು. ಅವಮಾನ ಮೇಲೆ, ಸುಖ ಕೆಳಗೆ. ಅವಳು ಮುಲಾಮು ಹಚ್ಚಿದಳು. ಹಚ್ಚಿದ್ದೇ ಹಚ್ಚಿದ್ದು.

"ಸಾಕು" ಎಂದರು ಶಶಿಪ್ರಭಾ.

"ಆ ಕಾಲೂ ಕೊಡಿ."

"ಅದಕ್ಕೆ ಎಂತ ಆಗಲಿಲ್ಲ."

"ಆಗುವುದು ಬೇಡ ಅಂತ."

ಬಾಟಲಿ ಅರ್ಧ ಖಾಲಿಯಾದಾಗ ಸುಲೈಮಾನನಿಗೆ ಸಂಶಯ ಬಂತು. "ಏಳು" ಎಂದ.

ಹೊಸಮೆರುಗಿನಲ್ಲಿ ಆರು ಹೆಂಗಸರು ಕೆಲಸಕ್ಕಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ಬಂದರೆ ರಾತ್ರಿ ಎಂಟೂವರೆ. ಕೂರುವ ಹಾಗಿಲ್ಲ. ಮಾರುವವರು ಕೂತರೆ ಗಿರಾಕಿಗೆ ಅಗೌರವ ಎಂದು ಸುಲೈಮಾನ್ ಹೇಳುತ್ತಿದ್ದ. ಕೆಂಪು ಕುಶನ್ನಿನ ಎಂಟು ಸ್ಟೂಲುಗಳಿದ್ದವು. ಅವು ಗಿರಾಕಿಗಳಿಗೆ. ಗಿರಾಕಿ ಇಲ್ಲದಾಗ ಅವುಗಳ ಮೇಲೆ ಫ್ಯಾನಿನ ಗಾಳಿ ಕೂರುತ್ತಿತ್ತು. ಊಟ ಗೋಡೌನಿನಲ್ಲಿ, ನಿಂತು. ಪೆಟ್ಟಿಗೆಯ ಮೇಲೆ ಕೂತರೆ ಒಳಗಿನ ಸೀರೆಯ ಮಡಿಕೆ ಹಾಳಾಗುತ್ತದಂತೆ. ಕಾಲಿಗೆ ಅಂಗಡಿಯದೇ ಕರಿ ಶೂಸು, ತುದಿ ಚೂಪಿನದು. ಸಗಟಿನಲ್ಲಿ ತಂದದ್ದು, ಎಲ್ಲವೂ ಆರು ನಂಬರು. ಬೀಫಾತಿಮಾಳ ಕಾಲು ಎಂಟು ನಂಬರು.

ಗೋಡೆಗೆ ಒರಗುವ ಹಾಗೂ ಇಲ್ಲ. ಮೇಲೆ ಛಾವಣಿಯಲ್ಲಿ ನಾಲ್ಕು ಕ್ಯಾಮರಾ. ಸುಲೈಮಾನ್ ಗಲ್ಲಾದಲ್ಲಿ ಕೂತು ನೋಡುತ್ತಿದ್ದ. ಒರಗಿದರೆ ಸ್ಪೀಕರಿನಲ್ಲಿ ಹಾಡು ನಿಂತು ಅವನ ಸ್ವರ ಬರುತ್ತಿತ್ತು. "ಬೀಫಾತಿಮಾ, ಗೋಡೆ ಬೀಳುವುದಿಲ್ಲ. ನೀನು ಹಿಡಿಯುವುದು ಬೇಡ." ಮತ್ತೆ ಹಾಡು.

ಹೆಂಗಸರು ಒಂದು ಉಪಾಯ ಕಂಡುಕೊಂಡಿದ್ದರು. ಪಿನ್ನು ಬೀಳಿಸುವುದು. ಬಿದ್ದ ಪಿನ್ನು ಹುಡುಕಲು ನೆಲದಲ್ಲಿ ಕುಕ್ಕರುಗಾಲಲ್ಲಿ ಕೂರಬೇಕಲ್ಲ. ದಿನಕ್ಕೆ ಆರು ಜನರ ಕೈಯಿಂದ ನಲವತ್ತು ಪಿನ್ನು ಬೀಳತೊಡಗಿತು. ಮ್ಯಾನೇಜರ್ ರಂಜಿತ್ ಬುದ್ಧಿವಂತ. ಕೋಲಿನ ತುದಿಗೆ ಅಯಸ್ಕಾಂತ ಕಟ್ಟಿ ತಂದು ಕೊಟ್ಟ. "ಪಾಪ, ನೀವು ಬಗ್ಗುವುದು ಬೇಡ" ಎಂದ. ಅವನನ್ನು ಆ ಕೋಲಿನಿಂದಲೇ ಹೊಡೆಯಬೇಕೆಂದು ಬೀಫಾತಿಮಾಳಿಗೆ ಆಸೆಯಾಗಿತ್ತು.

ಕಾಲು ತುಳಿದ ಸುದ್ದಿ ಹರಡಿದ ಮೇಲೆ ಎಲ್ಲರೂ ಡಾಕ್ಟರಾದರು.

ರಂಜಿತ್ ಗ್ಯಾಸು ಎಂದ. ಅವನ ಲೆಕ್ಕದಲ್ಲಿ ಲೋಕದ ಎಲ್ಲ ಕಾಯಿಲೆಯೂ ಗ್ಯಾಸೇ. ಅತ್ತೆ ಕಣ್ಣು ತಾಗಿದ್ದು ಎಂದಳು. "ಯಾರಿಗೆ ಅತ್ತೆ ನನ್ನ ಕಾಲಿನ ಮೇಲೆ ಕಣ್ಣು?" ಎಂದು ಬೀಫಾತಿಮಾ ಕೇಳಿದಳು. ಮಾಣಿ ಊರಿನಿಂದ ಅವಳು ದಿನಾ ಬರುವ ಬಸ್ಸಿನ ಕಂಡಕ್ಟರು ವಿಟಮಿನ್ ಎಂದ. ಅವನಿಗೂ ಹಾಗೆಯೇ ಆಗಿತ್ತಂತೆ, ಮೀನು ಬಿಟ್ಟದ್ದಕ್ಕೆ. ಮಗಳು ರಶೀನಾ ಮಿಜಾರಿನ ಕಾಲೇಜಿನಲ್ಲಿ ಓದುವವಳು. ಮೊಬೈಲು ನೋಡಿ ಹದಿನೇಳು ಕಾರಣ ಓದಿ ಹೇಳಿದಳು. ಸಕ್ಕರೆ ಕಾಯಿಲೆ, ಥೈರಾಯ್ಡು, ಬೆನ್ನಿನ ನರ, ಕಿಡ್ನಿ. ಹನ್ನೊಂದನೆಯದಕ್ಕೆ ಬರುವಾಗ ಬೀಫಾತಿಮಾಳ ಕೈಯೂ ಜುಂ ಎನ್ನತೊಡಗಿತು.

"ಸಾಕು ಮಗಾ. ಉಳಿದದ್ದಕ್ಕೆ ನಾಳೆ ಸಾಯುವ."

ಗಂಡ ಅಬ್ದುಲ್ ರಹಿಮಾನ್ ಮಾತ್ರ ಕಾರಣ ಹುಡುಕಲು ಹೋಗಲಿಲ್ಲ. ಅವನು ಮೊದಲು ರಿಕ್ಷಾ ಓಡಿಸುತ್ತಿದ್ದ. ಬೆನ್ನು ಹೋಗಿ ಮೂರು ವರ್ಷದಿಂದ ಜಗಲಿಯಲ್ಲಿ ಕೂತಿದ್ದಾನೆ. "ನನ್ನದೂ ಜೋಮು ಹಿಡೀತದೆ" ಎಂದು ನಾಚಿಕೊಂಡು ಕಾಲು ತೋರಿಸಿದ. ಒಬ್ಬಳದು ನಿಂತು, ಒಬ್ಬನದು ಕೂತು. ಗಂಡಹೆಂಡಿರಿಗೆ ನಾಲ್ಕು ಕಾಲಿದ್ದೂ ನಡೆಯುವುದಕ್ಕೆ ಒಂದಿಲ್ಲ ಎಂದು ಇಬ್ಬರೂ ನಕ್ಕರು.

ಸುಲೈಮಾನ್ ಹೇಳಿದ ಕಾರಣ ಬೇರೆ. "ನಿನಗೆ ವ್ಯಾಯಾಮ ಕಡಿಮೆ" ಎಂದ. ಕೂತುಕೊಂಡೇ ಹೇಳಿದ.

ಬಂಟ್ವಾಳದ ಸರಕಾರಿ ಆಸ್ಪತ್ರೆಯಲ್ಲಿ ಡಾಕ್ಟರ್ ಫಿದಾ ಎಂಬ ಎಳೆಯ ಹುಡುಗಿ. ಬೀಫಾತಿಮಾಳಿಗೆ ಕಣ್ಣು ಮುಚ್ಚಲು ಹೇಳಿ ಪಾದಕ್ಕೆ ಪಿನ್ನು ತಾಗಿಸಿದಳು.

"ಚುಚ್ಚಿದೆನಾ?"

"ಇಲ್ಲ."

"ಈಗ?"

"ಇಲ್ಲ. ನೀವು ಶುರು ಮಾಡಿದ ಮೇಲೆ ಹೇಳಿ ಡಾಕ್ಟ್ರೇ."

"ಮೂರು ಸಲ ಚುಚ್ಚಿ ಆಯ್ತಮ್ಮ."

ರಕ್ತ ತೆಗೆದರು. ಮುಂದಿನ ವಾರ ಬರಲು ಹೇಳಿದರು. ಹೋದಾಗ ಎಲ್ಲ ಸರಿ ಇತ್ತು. ಸಕ್ಕರೆ ಇಲ್ಲ, ಥೈರಾಯ್ಡು ಇಲ್ಲ, ವಿಟಮಿನ್ನು ಬೇಕಾದಷ್ಟಿದೆ. ಬೆನ್ನು ತಟ್ಟಿ ನೋಡಿದರು. ಅದೂ ಸರಿ. ಫಿದಾ ಪೆನ್ನು ಕೆಳಗಿಟ್ಟಳು.

"ಎಂತ ಕೆಲಸ ನಿಮಗೆ?"

"ಜವಳಿ ಅಂಗಡಿ."

"ಎಷ್ಟು ಹೊತ್ತು ನಿಲ್ತೀರಿ?"

"ಹನ್ನೊಂದು ಗಂಟೆ."

"ಮಧ್ಯದಲ್ಲಿ?"

"ಮಧ್ಯದಲ್ಲಿಯೂ ನಿಲ್ತೇನೆ."

ಫಿದಾ ಬಗ್ಗಿ ಆ ಶೂಸು ಕಳಚಿದಳು. ಬೆರಳುಗಳು ಒಂದರ ಮೇಲೊಂದು ಹತ್ತಿ ಕೂತಿದ್ದವು. ಪಾದ ಊದಿ ಅಂಚಿನಲ್ಲಿ ಕೆಂಪು ಗೆರೆ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಆಮೇಲೆ, "ಇದು ನರ ಒತ್ತಿ ಆದದ್ದು" ಎಂದಳು. "ಈ ಶೂಸು ಬಿಸಾಡಿ. ಗಂಟೆಗೊಮ್ಮೆ ಹತ್ತು ನಿಮಿಷ ಕೂರಲೇಬೇಕು. ನಾನು ಬರೆದು ಕೊಡ್ತೇನೆ, ಅಂಗಡಿಯವರಿಗೆ ತೋರಿಸಿ. ಒಂದು ತಿಂಗಳಲ್ಲಿ ಕಡಿಮೆ ಆಗದಿದ್ದರೆ ನರದ ಪರೀಕ್ಷೆಗೆ ಮಂಗಳೂರಿಗೆ ಕಳಿಸುವ."

ಚೀಟಿಯಲ್ಲಿ ಇಂಗ್ಲಿಷಿನಲ್ಲಿ ಗೀಚಿದಳು. ಹೊರಗೆ ಎಪ್ಪತ್ತು ಜನ ಕಾಯುತ್ತಿದ್ದರು. ಆದ್ದರಿಂದ ಚುಟುಕಾಗಿ ಗೀಚಿದಳು.

ಆ ಚೀಟಿಯನ್ನು ರಂಜಿತ್ ಗಲ್ಲಾದ ಎದುರು ಓದಿದ.

"ಸ್ಟೂಲ್. ಗಂಟೆಗೊಮ್ಮೆ. ಹತ್ತು ನಿಮಿಷ." ಅವನು ಎರಡು ಹೆಜ್ಜೆ ಹಿಂದೆ ಸರಿದ. "ಗಂಟೆಗೊಮ್ಮೆಯಾ? ಇಷ್ಟು ಕಷ್ಟ ಉಂಟು ಅಂತ ನೀವು ಹೇಳಲೇ ಇಲ್ಲವಲ್ಲ ಅಕ್ಕ!"

"ಕೂರುವ ಸ್ಟೂಲು ಮಾರಾಯ."

"ಕೂರಲೇಬೇಕಲ್ಲ ಮತ್ತೆ. ನಿಂತು ಆಗ್ತದಾ?"

"ಅದಲ್ಲ! ಕುರ್ಚಿಯ ಹಾಗೆ! ಕೂತು ಮಾರುವುದಕ್ಕೆ!"

ಸುಲೈಮಾನ್ ಚೀಟಿ ಕೈಗೆ ತೆಗೆದುಕೊಂಡ. ತಿರುಗಿಸಿ ನೋಡಿದ. "ಡಾಕ್ಟ್ರು ಮದ್ದು ಬರೀತಾರೆ. ಪರೀಕ್ಷೆ ಬರೀತಾರೆ. ಫರ್ನಿಚರು ಬರೀತಾರಾ?"

"ಬರ್ದಿದ್ದಾರಲ್ಲ ಸುಲೈಮಾನಾಕ."

ಅವನನ್ನು ಆರೂ ಜನ ಸುಲೈಮಾನಾಕ ಎನ್ನುತ್ತಿದ್ದರು. ಅಣ್ಣ ಎಂದ ಹಾಗೆ. ಹಾಗೆ ಕರೆಯಬೇಕೆಂದು ಅವನೇ ಹೇಳಿದ್ದ. "ನಾವೆಲ್ಲ ಒಂದು ಕುಟುಂಬ" ಎನ್ನುತ್ತಿದ್ದ, ಹಬ್ಬಕ್ಕೆ ರಜೆ ಕೇಳಿದಾಗ.

"ಇದು ಸ್ಟೂಲ್ ಟೆಸ್ಟು, ಮಲದ ಪರೀಕ್ಷೆ" ಎಂದ ಅವನು. "ಮಾಡಿಸು. ಖರ್ಚು ನನ್ನದು. ಕುಟುಂಬದಲ್ಲಿ ಇದೆಲ್ಲ ನೋಡ್ಲಿಕ್ಕಿಲ್ಲ."

ಅವನಿಗೆ ಅರ್ಥವಾಗಲಿಲ್ಲ ಎಂದಲ್ಲ. ಒಬ್ಬಳ ಚೀಟಿ ಅರ್ಥವಾದರೆ ಆರು ಸ್ಟೂಲು ಇಡಬೇಕಾಗುತ್ತಿತ್ತು. ಟೆಸ್ಟು ಒಂದೇ ಸಾಕು.

ಬೀಫಾತಿಮಾ ಚಿಕ್ಕ ಚಮಚ ಇರುವ ಪ್ಲಾಸ್ಟಿಕ್ ಡಬ್ಬಿ ಹಿಡಿದು ಮರುದಿನ ಲ್ಯಾಬಿಗೆ ಹೋದಳು. ಯಾಕೆ ಒಪ್ಪಿದಳು ಎಂದು ಅವಳ ಜೊತೆಗಾತಿ ಸುಪ್ರೀತಾ ಆಮೇಲೆ ಕೇಳಿದಳು. ಕಾರಣ ಸರಳ. ಲ್ಯಾಬಿನಲ್ಲಿ ಉದ್ದದ ಬೆಂಚು ಇತ್ತು. ಅದಕ್ಕೆ ಒರಗಲು ಬೆನ್ನೂ ಇತ್ತು. ಬೀಫಾತಿಮಾ ಶೂಸು ಕಳಚಿ, ಕಾಲು ಚಾಚಿ, ಹತ್ತು ಗಂಟೆಯಿಂದ ಒಂದೂವರೆಯ ತನಕ ಕೂತಳು. ಲ್ಯಾಬಿನ ಹುಡುಗಿ ಮೂರು ಸಲ ಬಂದು ನೋಡಿದಳು.

"ಇನ್ನೂ ಆಗಲಿಲ್ವಾ ಅಕ್ಕ?"

"ಇಲ್ಲ ಮಗಾ."

"ಸ್ವಲ್ಪ ಬಿಸಿನೀರು ಕುಡೀತೀರಾ?"

"ಕುಡೀತೇನೆ. ಅವಸರ ಇಲ್ಲ."

ವರದಿ ಶನಿವಾರ ಬಂತು. ಮದುವೆಯ ಕಾಲ. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲ. ಸ್ಪೀಕರಿನಲ್ಲಿ ಹಾಡು ನಿಂತಿತು. ಎಲ್ಲರೂ ತಲೆ ಎತ್ತಿದರು. ರಿಯಾಯಿತಿ ಇರಬೇಕು ಎಂದುಕೊಂಡರು.

"ನಮ್ಮ ಬೀಫಾತಿಮಾಳ ರಿಪೋರ್ಟು ಬಂದಿದೆ" ಎಂದಿತು ಸುಲೈಮಾನನ ಸ್ವರ. "ಹುಳ ಇಲ್ಲ. ರಕ್ತ ಇಲ್ಲ. ಬಣ್ಣ ಕಂದು. ಎಲ್ಲ ನಾರ್ಮಲ್ ಉಂಟು. ಇನ್ನು ಕಾಲು ಕಾಲು ಅಂತ ಯಾರೂ ನೆಪ ಹೇಳುವುದು ಬೇಡ. ಧನ್ಯವಾದ."

ಮತ್ತೆ ಹಾಡು.

ಮೊದಲು ಒಂದು ಮಗು ನಕ್ಕಿತು. ಆಮೇಲೆ ಅದರ ತಾಯಿ. ಆಮೇಲೆ ಅಂಗಡಿಗೆ ಅಂಗಡಿಯೇ; ಸ್ಟೂಲಿನ ಮೇಲಿದ್ದವರೂ ಅವಳನ್ನು ನೋಡಲು ಎದ್ದು ನಿಂತು ನಕ್ಕರು. ಬೀಫಾತಿಮಾಳ ಕೈಯಲ್ಲಿ ಕಂದು ಬಣ್ಣದ ಸೀರೆಯೊಂದಿತ್ತು. ಅದನ್ನು ನೋಡುತ್ತಿದ್ದ ಗಿರಾಕಿ, "ಇದು ಬೇಡ" ಎಂದಳು.

ಬೀಫಾತಿಮಾ ಸೀರೆ ಮಡಚಿದಳು. ಅಂಚಿಗೆ ಅಂಚು ಕೂಡಿಸಿ ಸರಿಯಾಗಿ ಮಡಚಿದಳು. ಹದಿನಾರು ವರ್ಷದ ಅಭ್ಯಾಸ. ಕೌಂಟರಿನ ಹಿಂದಿನಿಂದ ಈಚೆ ಬಂದಳು. ಕೆಂಪು ಕುಶನ್ನಿನ ಒಂದು ಸ್ಟೂಲು ಎಳೆದಳು. ಕೂತಳು. ಬಗ್ಗಿ ಒಂದು ಶೂಸು ಕಳಚಿದಳು. ಇನ್ನೊಂದನ್ನೂ ಕಳಚಿದಳು.

ಹಾಡು ನಿಂತಿತು.

"ಬೀಫಾತಿಮಾ. ಎದ್ದೇಳು."

"ಇಲ್ಲ."

ಆ ಅಂಗಡಿಯಲ್ಲಿ ಅವಳು ಹೇಳಿದ ಮೊದಲ ಇಲ್ಲ ಅದು. ಆ ಬಣ್ಣ ಇಲ್ಲ, ಆ ಅಂಚು ಇಲ್ಲ ಎಂಬುದನ್ನು ಬಿಟ್ಟರೆ.

ಸುಲೈಮಾನ್ ಗಲ್ಲಾದಿಂದ ನಡೆದು ಬಂದ. ಮೈಕು ಕೈಯಲ್ಲೇ ಇತ್ತು. ಆರಿಸಲು ಮರೆತಿದ್ದ. ಆದ್ದರಿಂದ ಮುಂದಿನದೆಲ್ಲ ಬಿ.ಸಿ.ರೋಡಿನ ಅರ್ಧ ಪೇಟೆಗೆ ಕೇಳಿಸಿತು.

"ಎಂತ ಇದು?"

"ಡಾಕ್ಟ್ರು ಬರೆದದ್ದು. ಸ್ಟೂಲು. ಹತ್ತು ನಿಮಿಷ."

"ನಿನ್ನ ಗಂಡ ಮೂರು ವರ್ಷದಿಂದ ಕೂತೇ ಇದ್ದಾನೆ. ಅವನ ಕಾಲಿಗೂ ಜೋಮು. ನೀನೇ ಹೇಳಿದ್ದಲ್ವಾ? ಕೂತದ್ದರಿಂದಲೇ ಜೋಮು ಬರುವುದು."

"ಹಾಗಾದರೆ ನೀವು ಇನ್ನು ಕೂರಬೇಡಿ ಸುಲೈಮಾನಾಕ. ನಿಮಗೆ ಬರುವುದು ಬೇಡ."

ಯಾರೋ ಚಪ್ಪಾಳೆ ತಟ್ಟಿದರು. ಸುಲೈಮಾನ್ ಮುಖ ಸಿಂಡರಿಸಿದ.

"ನಾವೊಂದು ಕುಟುಂಬ ಅಂತ ನಾನು..."

"ಕುಟುಂಬದಲ್ಲಿ ಜನ ಕೂತುಕೊಳ್ತಾರೆ. ಕುಟುಂಬದಲ್ಲಿ ಒಬ್ಬರ ಹೇಲು ಇನ್ನೊಬ್ಬರು ಮೈಕಿನಲ್ಲಿ ಓದುವುದಿಲ್ಲ."

"ನಾಳೆಯಿಂದ ನೀನು ಬರುವುದು ಬೇಡ."

ಮನೆಯ ಒಂದೇ ದುಡಿಮೆ ಇದು. ರಶೀನಾಳ ಕೊನೆಯ ವರ್ಷ. ಎದ್ದುಬಿಡಬಹುದಿತ್ತು. ಎದ್ದು, ತಪ್ಪಾಯಿತು ಎಂದಿದ್ದರೆ ಎಲ್ಲ ಮೊದಲಿನ ಹಾಗೆ. ಬೀಫಾತಿಮಾ ಕಾಲು ನೋಡಿಕೊಂಡಳು. ಎಳೆದಾಡಿದ ಮೂಟೆಗಳ ಹಾಗೆ ಬಿದ್ದಿದ್ದವು. ಏಳು ಎಂದರೂ ಅವು ಏಳುವ ಸ್ಥಿತಿಯಲ್ಲಿರಲಿಲ್ಲ.

"ನಾಳೆ ಆದಿತ್ಯವಾರ. ನಾಳೆಯದು ನಾಳೆ ನೋಡುವ" ಎಂದಳು. "ಇವತ್ತು ಎಂಟೂವರೆ ತನಕ ನನ್ನ ಡ್ಯೂಟಿ ಉಂಟು."

ಸುಪ್ರೀತಾ ಆರು ಜನರಲ್ಲಿ ಎಲ್ಲರಿಗಿಂತ ಚಿಕ್ಕವಳು, ಎಲ್ಲರಿಗಿಂತ ಹೆದರುಪುಕ್ಕಲಿ. ಸುಲೈಮಾನ್ ಕೆಮ್ಮಿದರೆ ಸೀರೆ ಬೀಳಿಸುವವಳು. ಅವಳು ಕೌಂಟರು ಸುತ್ತಿ ಬಂದಳು. ಗಡಗಡ ನಡುಗುತ್ತಿದ್ದಳು.

"ನನ್ನದೂ ನಾರ್ಮಲ್ ಉಂಟು" ಎಂದಳು. ಕೂತಳು.

ಉಳಿದ ನಾಲ್ವರೂ ಬಂದು ಕೂತರು. ಒಬ್ಬಳು ಕೂತ ಕೂಡಲೇ, "ಯಾ ಅಲ್ಲಾ" ಎಂದು ನಿಟ್ಟುಸಿರು ಬಿಟ್ಟದ್ದು ಮೈಕಿನಲ್ಲಿ ಕೇಳಿಸಿತು.

"ರಂಜಿತ್!" ಸುಲೈಮಾನ್ ಗರ್ಜಿಸಿದ. "ಸ್ಟೂಲೆಲ್ಲ ಗೋಡೌನಿಗೆ!"

ರಂಜಿತ್ ಮೊದಲು ಖಾಲಿ ಎರಡನ್ನು ಎತ್ತಿಕೊಂಡು ಹೋದ. ಉಳಿದವನ್ನು ಎತ್ತಲು ಬಂದಾಗ ಹೆಂಗಸರು ತಕರಾರು ಮಾಡಲಿಲ್ಲ. ಜಾರಿ ಕೆಳಗೆ ಕೂತರು. ಸೀರೆ ಹರವಲೆಂದು ನೆಲಕ್ಕೆ ಹಾಸಿದ ಬಿಳಿ ಗಾದಿ ಇತ್ತು. ಅದು ಸ್ಟೂಲಿಗಿಂತ ಮೆತ್ತಗಿತ್ತು. ಅದನ್ನು ಗೋಡೌನಿಗೆ ಒಯ್ಯುವ ಹಾಗಿರಲಿಲ್ಲ. ಅದರ ಮೇಲೆ ಇನ್ನೂರು ಸೀರೆ ಇದ್ದವು, ಆರು ಹೆಂಗಸರೂ ಇದ್ದರು.

ಅಷ್ಟರಲ್ಲಿ ಬೆಳ್ತಂಗಡಿಯಿಂದ ಒಂದು ಮದುವೆಯ ಕಡೆಯವರು ಒಳಗೆ ಬಂದರು. ಹನ್ನೊಂದು ಜನ. ಮುಂದೆ ಕೋಲೂರಿಕೊಂಡು ಒಬ್ಬಳು ಅಜ್ಜಿ.

"ಎಂತ ಮಾರ್ರೆ, ಕೂರ್ಲಿಕ್ಕೆ ಒಂದು ಸ್ಟೂಲೂ ಇಲ್ವಾ ಇಷ್ಟು ದೊಡ್ಡ ಅಂಗಡಿಯಲ್ಲಿ?" ಎಂದು ಅಜ್ಜಿ ಕೇಳಿದಳು.

"ಉಂಟಜ್ಜಿ" ಎಂದಳು ಬೀಫಾತಿಮಾ ಗಾದಿಯಿಂದಲೇ. "ಗೋಡೌನಿನಲ್ಲಿ ಕೂಡಿ ಹಾಕಿದ್ದಾರೆ."

"ಸ್ಟೂಲನ್ನಾ? ಎಂತ ತಪ್ಪು ಮಾಡಿತು ಅದು?"

ಸುಲೈಮಾನನಿಗೆ ಹನ್ನೊಂದು ಜನರ ಮದುವೆ ಜವಳಿ ಕಣ್ಣೆದುರು ಬಾಗಿಲು ದಾಟುವುದು ಕಂಡಿತು. ಓಡಿ ಹೋಗಿ ತನ್ನ ತಿರುಗುವ ಕುರ್ಚಿಯನ್ನು ತಳ್ಳಿಕೊಂಡು ಬಂದ. ಅಜ್ಜಿ ಕೂತಳು. ಒಂದು ಸುತ್ತು ತಿರುಗಿದಳು. ಖುಷಿಯಾಯಿತು. ಇನ್ನೊಂದು ಸುತ್ತು ತಿರುಗಿದಳು. ಗಾದಿಯ ಮೇಲಿದ್ದ ಆರು ಹೆಂಗಸರನ್ನು ಆಗ ನೋಡಿದಳು.

"ಇದು ಸರಿ ನೋಡಿ" ಎಂದಳು. "ನಾವು ಸಣ್ಣದಿರುವಾಗ ಜವಳಿ ಅಂಗಡಿ ಎಂದರೆ ಹೀಗೆಯೇ. ಅವರೂ ಗಾದಿಯಲ್ಲಿ, ನಾವೂ ಗಾದಿಯಲ್ಲಿ. ಈಗ ತಲೆ ಮೇಲೆ ನಿಂತು ಸೀರೆ ತೋರಿಸ್ತಾರೆ. ಎತ್ತಿ ನೋಡಿ ನೋಡಿ ಕುತ್ತಿಗೆ ಹೋಗ್ತದೆ. ಕೂತುಕೊಳ್ಳಿ ಎಲ್ಲರೂ."

ಉಳಿದ ಹತ್ತು ಜನರೂ ಚಪ್ಪಲಿ ಕಳಚಿ ಗಾದಿ ಹತ್ತಿದರು. ಬೀಫಾತಿಮಾ ಕಾಲು ಮಡಚಿ ಕೂತು ಸೀರೆ ಬಿಚ್ಚಿದಳು. ಅಂಚು ತೊಡೆಯ ಮೇಲೆ ಇಟ್ಟು ತೋರಿಸಿದಳು. ಸೆರಗು ಮದುಮಗಳ ಮಡಿಲಿಗೆ ಎಸೆದಳು. ಸುಪ್ರೀತಾ ನಡುಗುವುದನ್ನು ಬಿಟ್ಟು ಬಣ್ಣ ಹೇಳತೊಡಗಿದಳು. ಸಂಜೆಯಾಯಿತು. ಅಜ್ಜಿ ಕುರ್ಚಿ ಬಿಟ್ಟು ಏಳಲಿಲ್ಲ. ಬೇರೆ ಗಿರಾಕಿಗಳು ಹೋದ ಮೇಲೆ ಇಡೀ ಅಂಗಡಿಯಲ್ಲಿ ನಿಂತವರು ಇಬ್ಬರೇ. ರಂಜಿತ್ ಒಂದು ಕಂಬದ ಹತ್ತಿರ. ಸುಲೈಮಾನ್ ಗಲ್ಲಾದ ಹತ್ತಿರ, ಒಮ್ಮೆ ಈ ಕಾಲು, ಒಮ್ಮೆ ಆ ಕಾಲು. ಮದುವೆಯವರು ಹೋಗುವಾಗ ಗಂಟೆ ಎಂಟು. ಅವರು ಹದಿನೆಂಟು ಕಟ್ಟು ಹೊತ್ತುಕೊಂಡು ಹೋದರು.

ಆದಿತ್ಯವಾರ ಬೀಫಾತಿಮಾ ಹವಾಯಿ ಚಪ್ಪಲಿ ಹಾಕಿಕೊಂಡು ಬಂದಳು. ಬರಬೇಡ ಎಂದು ಯಾರೂ ಹೇಳಲಿಲ್ಲ. ಸೋಮವಾರ ಸುಲೈಮಾನ್ ಒಂದು ಪ್ಲಾಸ್ಟಿಕ್ ಸ್ಟೂಲು ತರಿಸಿದ. ಆರು ಜನರಿಗೆ ಒಂದು. ಯಾರು ಎಷ್ಟು ಹೊತ್ತು ಎಂದು ರಂಜಿತ್ ಪಟ್ಟಿ ಬರೆದ. ಆರೂ ಜನ ಆ ಸ್ಟೂಲನ್ನು ಗಲ್ಲಾದ ಎದುರು ಇಟ್ಟು ಬಂದು ಗಾದಿಯ ಮೇಲೆ ಕೂತರು. ಗುರುವಾರ ಇನ್ನೂ ಐದು ಬಂದವು. ಪ್ರತಿಯೊಂದರ ನೆತ್ತಿಗೂ ಸುಲೈಮಾನ್ ಪೈಂಟಿನಲ್ಲಿ ಬರೆಸಿದ್ದ: ಕೊಡುಗೆ, ಹೊಸಮೆರುಗು ಕುಟುಂಬ. ಮೇಲೆ ಕೂತರೆ ಅಕ್ಷರ ಕಾಣುತ್ತಿರಲಿಲ್ಲ. ಆದ್ದರಿಂದ ಅವರು ಕೂತೇ ಇರುತ್ತಿದ್ದರು.

ಹದಿನೈದು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಬೀಫಾತಿಮಾ ಹಾಸಿಗೆಯಲ್ಲೇ ಚೀರಿದಳು. ಅಬ್ದುಲ್ ರಹಿಮಾನ್ ಬೆಚ್ಚಿಬಿದ್ದ.

"ಎಂತಾಯ್ತು?"

"ಕಾಲು ಬಂತು!"

ಬೆಂಕಿ ಇಟ್ಟ ಹಾಗೆ ಬಂತು. ಇಷ್ಟು ತಿಂಗಳ ನೋವೆಲ್ಲ ಒಟ್ಟು ಮಾಡಿಕೊಂಡು ಬಂತು. ಜೋಮು ಹಿಡಿಯುವಾಗ ಗೊತ್ತಾಗುವುದಿಲ್ಲ, ಬಿಡುವಾಗ ಪ್ರಾಣ ಹೋಗುತ್ತದೆ. ಅವಳು ಅತ್ತಳು, ನಕ್ಕಳು, ಪುನಃ ಅತ್ತಳು. ಹೆಬ್ಬೆರಳಿನಲ್ಲಿ ಒಂದು ಆಣಿ ಇರುವುದು ಗೊತ್ತಾಯಿತು. ಹಿಮ್ಮಡಿ ಒಡೆದದ್ದು ಗೊತ್ತಾಯಿತು. ಒಂದು ಜಾಗಕ್ಕೆ ಅರಿವು ಬಂದರೆ ಅದು ಅಲ್ಲಿಗೇ ನಿಲ್ಲುವುದಿಲ್ಲ. ಮೇಲೆ ಹತ್ತುತ್ತದೆ. ಇಷ್ಟು ವರ್ಷ ಇನ್ನೂ ಎಲ್ಲೆಲ್ಲಿ ಏನೇನು ಮರಗಟ್ಟಿತ್ತು ಎಂದು ಅವಳು ಬಸ್ಸಿನಲ್ಲಿ ಬಿ.ಸಿ.ರೋಡಿನ ತನಕ ಎಣಿಸುತ್ತಾ ಬಂದಳು.

ಆ ದಿನ ಮಧ್ಯಾಹ್ನ ಸುಲೈಮಾನ್ ಸ್ಟೂಲುಗಳ ಸಾಲಿನ ಎದುರು ಬಂದು ನಿಂತ. ಆರೂ ಜನ ಕೂತು ಮೀನಿನ ಸಾರು ಕಲಸಿ ಉಣ್ಣುತ್ತಿದ್ದರು.

"ಇನ್ನೆಂತಾದರೂ ಬೇಕಾ ಮಹಾರಾಣಿಯವರಿಗೆ?" ಎಂದ.

ಅವನು ಕೇಳಿದ್ದು ಉತ್ತರಕ್ಕಲ್ಲ. ಆದರೂ ಬೀಫಾತಿಮಾ ತುತ್ತು ನುಂಗಿದಳು, ಯೋಚಿಸಿದಳು. ಅಷ್ಟು ದೊಡ್ಡ ಅಂಗಡಿಯಲ್ಲಿ ಹೆಂಗಸರಿಗೆ ಹೋಗಲು ಒಂದು ಜಾಗ ಇರಲಿಲ್ಲ. ಪಕ್ಕದ ಹೋಟೆಲಿನವನ ಹತ್ತಿರ ಬೀಗದ ಕೈ ಬೇಡಬೇಕು. ಅವನು ದಿನಕ್ಕೆ ಒಂದು ಸಲ ಕೊಡುತ್ತಿದ್ದ, ಅದೂ ಮನಸ್ಸು ಬಂದರೆ. ಅದಕ್ಕೆ ಹೆದರಿ ಆರು ಹೆಂಗಸರು ಬೆಳಿಗ್ಗೆಯಿಂದ ರಾತ್ರಿಯ ತನಕ ನೀರು ಕುಡಿಯುತ್ತಿರಲಿಲ್ಲ.

"ಬೇಕು" ಎಂದಳು. ಕೂತಲ್ಲಿಂದ ಏಳಲಿಲ್ಲ. "ತುಂಬ ಉಂಟು. ಪೆನ್ನು ತಗೊಳ್ಳಿ ಸುಲೈಮಾನಾಕ. ಮೊದಲನೆಯದು ಕಕ್ಕಸು."